ಗರುಡನ ಬೆನ್ನು ಹತ್ತಿದ ಕಣ್ಣು

ಸಂಕ್ರಾಂತಿ ಹೊತ್ತಿಗೆ ಚುಂಚನಕಟ್ಟೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಅದೇ ದಿನಗಳಲ್ಲಿ ಕೋದಂಡರಾಮನ ತೇರು. ಹಳೇ ಮೈಸೂರು ಸೀಮೆಯ ಎಷ್ಟೋ ತೇರುಗಳಲ್ಲಿ ಒಂದು ನಂಬಿಕೆ ಇದೆ: ಗರುಡ ಬಂದು ತೇರಿನ ಮೇಲೆ ಒಂದು ಸುತ್ತು ಹಾಕಬೇಕು, ಆಮೇಲೆಯೇ ಹಗ್ಗ ಎಳೆಯಬೇಕು. ಹಣ್ಣು ಜವನ ಹಿಡಿದವರು, ಹಗ್ಗಕ್ಕೆ ಕೈ ಹಾಕಿದವರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡವರು ಎಲ್ಲರೂ ಕತ್ತೆತ್ತಿ ಕಾಯುತ್ತಾರೆ. "ಅಗೋ, ಬಂತು ನೋಡ್ರಪ್ಪೋ!" ಎಂದು ಯಾರೋ ಕೂಗುತ್ತಾರೆ. ಇಂಥ ಗಳಿಗೆ ಸಿಕ್ಕಿದರೆ ಗರುಡನನ್ನು ಬಿಟ್ಟು ಸುತ್ತಲಿನ ಜನರ ಕಣ್ಣುಗಳನ್ನು ನೋಡಿ. ಅಷ್ಟೂ ಜನರ ಕಣ್ಣುಗುಡ್ಡೆಗಳು ಒಂದೇ ದಿಕ್ಕಿಗೆ, ಒಂದೇ ವೇಗದಲ್ಲಿ, ಎಲ್ಲೂ ಕುಲುಕದೆ ಹೊರಳುತ್ತಿರುತ್ತವೆ.

ಗರುಡ ಐವತ್ತು ಮೀಟರು ಎತ್ತರದಲ್ಲಿ, ಸೆಕೆಂಡಿಗೆ ಹತ್ತು ಮೀಟರು ತೇಲುತ್ತಿದೆ ಎಂದಿಟ್ಟುಕೊಳ್ಳಿ. ಅದು ನೆತ್ತಿಯ ಮೇಲೆ ದಾಟುವಾಗ ಅದನ್ನೇ ದಿಟ್ಟಿಸುವ ಕಣ್ಣು ಸೆಕೆಂಡಿಗೆ ಸುಮಾರು 11 ಡಿಗ್ರಿ ತಿರುಗಬೇಕು. ಹನ್ನೆರಡಾದರೆ ಮುಂದೆ ಓಡಿಬಿಡುತ್ತದೆ, ಹತ್ತಾದರೆ ಹಿಂದೆ ಬೀಳುತ್ತದೆ. ಯಾರೂ ಹೇಳಿಕೊಡದ ಈ ಲೆಕ್ಕವನ್ನು ಜಾತ್ರೆಗೆ ಬಂದ ಮಕ್ಕಳೂ ಮಾಡಿ ಮುಗಿಸುತ್ತಾರೆ. ಮಾಡಿದ್ದು ತಮ್ಮ ಅರಿವಿಗೂ ಬರುವುದಿಲ್ಲ.

ಇಷ್ಟು ಕಷ್ಟ ಯಾಕೆ ಪಡಬೇಕು ಎಂದರೆ, ನಮ್ಮ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಜಾಗ ಬಹಳ ಸಣ್ಣದು. ಕಣ್ಣಿನ ಹಿಂಬದಿಗೆ ಹಾಸಿದ ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಒಂದು ತಗ್ಗು ಇದೆ, ಅಗಲ ಒಂದೂವರೆ ಮಿಲಿಮೀಟರಿನಷ್ಟು. ಅಕ್ಷರ, ಬಣ್ಣ, ಸಣ್ಣ ಗೆರೆ ಗುರುತಿಸುವ ಶಂಕುಕೋಶಗಳು ಅಲ್ಲಿ ಒತ್ತೊತ್ತಾಗಿ ಕೂತಿವೆ. ಅಲ್ಲಿಂದ ಆಚೆ ಸರಿದಂತೆ ತೆಳುವಾಗುತ್ತಾ ಹೋಗುತ್ತವೆ. ತೋಳು ಪೂರ್ತಿ ಚಾಚಿ ಹೆಬ್ಬೆರಳಿನ ಉಗುರು ನೋಡಿ. ಹೆಚ್ಚುಕಡಿಮೆ ಅಷ್ಟಗಲ ಮಾತ್ರ ನಿಮಗೆ ಚೊಕ್ಕವಾಗಿ ಕಾಣುತ್ತಿರುವುದು. ಉಳಿದದ್ದೆಲ್ಲ ಮಸುಕು. ಮಸುಕೆಂದು ಅನಿಸದಿರುವುದು ಮಿದುಳಿನ ಚಾಲಾಕಿತನ. ಗರುಡನ ಬಿಳಿ ಎದೆ, ಕೆಂಗಂದು ರೆಕ್ಕೆ ಕಾಣಬೇಕಾದರೆ ಅದರ ಬಿಂಬ ಆ ತಗ್ಗಿನಲ್ಲೇ ಕೂರಬೇಕು, ಕೂತಲ್ಲೇ ನಿಲ್ಲಬೇಕು. ಸೆಕೆಂಡಿಗೆ ಕೆಲವೇ ಡಿಗ್ರಿ ಜಾರತೊಡಗಿದರೂ ಬಿಂಬ ಕಲಸಿಹೋಗುತ್ತದೆ.

ಈಗ ಒಂದು ಪ್ರಯೋಗ. ಪಿರಿಯಾಪಟ್ಟಣ ತಾಲೂಕಿನವರಿಗೆ ಬೆಟ್ಟದಪುರದ ಬೆಟ್ಟ ಎದುರಿಗೇ ಇದೆ; ಉಳಿದವರಿಗೆ ಮನೆಯ ಸೂರಿನ ಅಂಚು ಸಾಕು. ಬೆಟ್ಟದ ಏಣನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣಿನಲ್ಲೇ ನಿಧಾನ ಸವರಿಕೊಂಡು ಹೋಗಿ, ಎಲ್ಲೂ ನಿಲ್ಲಿಸದೆ. ಎದುರಿಗೆ ಒಬ್ಬರನ್ನು ನಿಲ್ಲಿಸಿಕೊಂಡು ನಿಮ್ಮ ಕಣ್ಣಾಲಿಗಳನ್ನು ಗಮನಿಸಲು ಹೇಳಿ. ನಿಮಗೆ ಕಣ್ಣು ಜಾರುತ್ತಾ ಹೋದಂತೆ ಅನಿಸುತ್ತದೆ. ನೋಡಿದವರು ಬೇರೆಯೇ ಹೇಳುತ್ತಾರೆ: ಕಣ್ಣು ಟಕ್ಕನೆ ನೆಗೆದು ನಿಂತಿತು, ಮತ್ತೆ ನೆಗೆಯಿತು, ಮತ್ತೆ ನಿಂತಿತು. ಎಷ್ಟೇ ಹಟ ಹಿಡಿದರೂ ಅಷ್ಟೇ. ಈಗ ಅವರು ಒಂದು ಬೆರಳೆತ್ತಿ ನಿಮ್ಮ ಮುಂದೆ ನಿಧಾನ ಸರಿಸಲಿ, ನೀವು ಅದನ್ನು ನೋಡಿ. ಅದೇ ಕಣ್ಣು, ಅದೇ ಸ್ನಾಯು. ಈ ಸಲ ನೆಗೆತವಿಲ್ಲ, ಎಣ್ಣೆ ಹಚ್ಚಿದ ಹಾಗೆ ಸರಾಗ.

ಕೈಯನ್ನು ಬೇಕಾದ ವೇಗದಲ್ಲಿ ಆಡಿಸಬಹುದು, ಕತ್ತನ್ನು ಬೇಕಾದಷ್ಟು ನಿಧಾನ ತಿರುಗಿಸಬಹುದು. ಕಣ್ಣನ್ನು ಮಾತ್ರ ನಯವಾಗಿ ಸರಿಸುವ ಅಧಿಕಾರ ನಮಗಿಲ್ಲ. ಎದುರಿಗೆ ಏನಾದರೂ ಚಲಿಸಬೇಕು, ಆಗಲೇ ಅದು ಸರಿಯುತ್ತದೆ. ಕಗ್ಗತ್ತಲಲ್ಲಿ ತಮ್ಮದೇ ಬೆರಳು ಆಡಿಸಿಕೊಂಡು ಅದನ್ನು ಕಾಣದೆಯೂ ಒಂದಿಷ್ಟು ಹಿಂಬಾಲಿಸಬಲ್ಲವರು ಇದ್ದಾರೆ. ಅಲ್ಲೂ ಚಲಿಸುವುದೊಂದು ಇದ್ದೇ ಇದೆ, ಕಣ್ಣಿಗೆ ಬದಲು ಕೈಯಿಂದ ಸುದ್ದಿ ಬರುತ್ತದೆ ಅಷ್ಟೆ.

ನೆಗೆಯುವ ಚಲನೆಗೆ ವಿಜ್ಞಾನದಲ್ಲಿ ಸಕಾಡ್ ಎಂದು ಹೆಸರು, ನಯವಾಗಿ ಹಿಂಬಾಲಿಸುವುದಕ್ಕೆ ಸ್ಮೂತ್ ಪರ್ಸ್ಯೂಟ್. ಇಲ್ಲಿ ನೆಗೆತ, ಅನುಸರಣೆ ಎನ್ನೋಣ. ಇವೆರಡೂ ಬೇರೆಬೇರೆ ಎಂದು ಸ್ಪಷ್ಟವಾಗಿ ವಿಂಗಡಿಸಿದವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರೇಮಂಡ್ ಡಾಜ್. ಕಣ್ಣಿನ ಮೇಲೆ ಬಿದ್ದ ಬೆಳಕಿನ ಹೊಳಪನ್ನು ಚಲಿಸುವ ಫೋಟೋ ಫಲಕದ ಮೇಲೆ ಗೆರೆಯಾಗಿ ಮೂಡಿಸಿ, ಆ ಗೆರೆಗಳನ್ನು ಅಳೆದು, 1903ರಲ್ಲಿ ಅವರು ಕಣ್ಣಿನ ಐದು ಬಗೆಯ ಚಲನೆಗಳನ್ನು ಪಟ್ಟಿ ಮಾಡಿದರು. ನೆಗೆತದ ವೇಗ ಸೆಕೆಂಡಿಗೆ 500 ಡಿಗ್ರಿ ದಾಟಬಲ್ಲದು. ಅನುಸರಣೆ 30 ಡಿಗ್ರಿಯವರೆಗೆ ಚೆನ್ನಾಗಿ ನಡೆಯುತ್ತದೆ, ಆಮೇಲೆ ಏದುಸಿರು ಬಿಡತೊಡಗುತ್ತದೆ, 100ರ ಹತ್ತಿರ ಕೈಚೆಲ್ಲುತ್ತದೆ.

ಈ ಮಿತಿಯನ್ನು ಹುಣಸೂರಿನಲ್ಲಿ ಮೈಸೂರು–ಮಡಿಕೇರಿ ರಸ್ತೆಯ ಪಕ್ಕ ನಿಂತು ಯಾರಾದರೂ ಪರೀಕ್ಷಿಸಬಹುದು. ಗಂಟೆಗೆ 60 ಕಿಲೋಮೀಟರಿನಲ್ಲಿ ಬರುವ ಬಸ್ಸು ನಿಮ್ಮಿಂದ ಹತ್ತು ಮೀಟರು ದೂರದಲ್ಲಿ ದಾಟಿದರೆ, ಎದುರಿಗೆ ಬಂದಾಗ ಕಣ್ಣು ಸೆಕೆಂಡಿಗೆ 95 ಡಿಗ್ರಿ ತಿರುಗಬೇಕಾಗುತ್ತದೆ. ಬಸ್ಸಿನ ಬದಿಯಲ್ಲಿ ಬರೆದದ್ದು ಆ ಕ್ಷಣದಲ್ಲಿ ಓದಲಾಗದು. ಅದೇ ಬಸ್ಸನ್ನು ಐವತ್ತು ಮೀಟರು ದೂರದ ಹೊಲದಲ್ಲಿ ನಿಂತು ನೋಡಿ: 19 ಡಿಗ್ರಿ ಸಾಕು, ಕಿಟಕಿಯಲ್ಲಿ ಕೂತವರೂ ಕಾಣುತ್ತಾರೆ.

ಅನುಸರಣೆಯಲ್ಲಿ ಕಣ್ಣು ಬೆನ್ನಟ್ಟುವುದು ವಸ್ತು ಇರುವ ಜಾಗವನ್ನೋ, ಅದರ ವೇಗವನ್ನೋ? ಜಾಗವನ್ನೇ ಎಂದು ಯಾರಿಗಾದರೂ ಅನಿಸುತ್ತದೆ. ಸಂಶೋಧಕ ಸಿರಿಲ್ ರಾಶ್‌ಬಾಸ್ 1961ರಲ್ಲಿ ಪ್ರಕಟಿಸಿದ ಪ್ರಯೋಗ ಈ ಅನಿಸಿಕೆಯನ್ನು ಬುಡಮೇಲು ಮಾಡಿತು. ನನಗೆ ಇಡೀ ಈ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಪ್ರಯೋಗ ಇನ್ನೊಂದಿಲ್ಲ. ಉಪಕರಣ ಸರಳ, ಪ್ರಶ್ನೆ ಚೂಪು.

ಕತ್ತಲಲ್ಲಿ ಒಂದು ಬೆಳಕಿನ ಚುಕ್ಕೆ. ನೋಡುವವನು ಅದನ್ನೇ ದಿಟ್ಟಿಸಿ ಕೂತಿದ್ದಾನೆ. ಚುಕ್ಕೆ ಇದ್ದಕ್ಕಿದ್ದಂತೆ ಬಲಕ್ಕೆ ಹಾರುತ್ತದೆ, ಹಾರಿದ ಕೂಡಲೇ ಅಲ್ಲಿಂದ ಎಡಕ್ಕೆ ಒಂದೇ ವೇಗದಲ್ಲಿ ಸರಿಯತೊಡಗುತ್ತದೆ. ಈಗ ಚುಕ್ಕೆ ಇರುವುದು ಬಲಗಡೆ, ಹೋಗುತ್ತಿರುವುದು ಎಡಗಡೆಗೆ. ಜಾಗ ಬೇಕಾಗಿದ್ದರೆ ಕಣ್ಣು ಮೊದಲು ಬಲಕ್ಕೆ ಹೊರಡಬೇಕು. ಅದು ಹೊರಟಿದ್ದು ಎಡಕ್ಕೆ, ನಯವಾಗಿ. ಬಲಗಡೆ ಇರುವ ಚುಕ್ಕೆಯಿಂದ ಇನ್ನಷ್ಟು ದೂರಕ್ಕೆ! ಚುಕ್ಕೆ ಸರಿಯುತ್ತಾ ಬಂದು ಕಣ್ಣನ್ನು ಕೂಡಿಕೊಂಡಿತು, ಆಮೇಲೆ ಎರಡೂ ಜೊತೆಯಾಗಿ ಸಾಗಿದವು. ಹಾರುವ ದೂರ, ಸರಿಯುವ ವೇಗ ಎರಡನ್ನೂ ಹೊಂದಿಸಿ, ಚುಕ್ಕೆ ಸೆಕೆಂಡಿನ ಐದನೇ ಒಂದು ಭಾಗದೊಳಗೆ ಮೊದಲಿನ ಜಾಗಕ್ಕೆ ಮರಳುವಂತೆ ಮಾಡಿದರೆ ಕಣ್ಣು ನೆಗೆಯುವ ಗೋಜಿಗೇ ಹೋಗುವುದಿಲ್ಲ. ಎಂದರೆ ಜಾಗ ನೋಡಿಕೊಳ್ಳುವ ಇಲಾಖೆ ಬೇರೆ, ವೇಗ ನೋಡಿಕೊಳ್ಳುವ ಇಲಾಖೆ ಬೇರೆ. ನೆಗೆತ ಮೊದಲಿನದರ ಕೆಲಸ, ಅನುಸರಣೆ ಎರಡನೆಯದರದು. ಎರಡು ವರ್ಷ ಮೊದಲೇ, 1959ರಲ್ಲಿ, ರಾಶ್‌ಬಾಸ್ ಇನ್ನೊಂದು ಸಂಗತಿ ಕಂಡಿದ್ದರು: ಬಾರ್ಬಿಚುರೇಟ್ ಎಂಬ ಮಂಪರಿನ ಔಷಧ ಕೊಟ್ಟಾಗ ಅನುಸರಣೆ ಅಳಿಸಿಹೋಗಿ ನೆಗೆತ ಹಾಗೇ ಉಳಿದಿತ್ತು.

ಹಾಗಾದರೆ ವೇಗ ಅಳೆಯುವುದು ಮಿದುಳಿನ ಯಾವ ಮೂಲೆ? ಕಣ್ಣಿನಿಂದ ಹೊರಟ ಸುದ್ದಿ ಮಿದುಳಿನ ನಡುವಿನ ಥಲಾಮಸ್ ದಾಟಿ ತಲೆಯ ಹಿಂಭಾಗದ ದೃಷ್ಟಿ ಕೇಂದ್ರ ಸೇರುತ್ತದೆ. ಅಲ್ಲಿಂದ ಒಂದು ಕವಲು ಕಿವಿಯ ಹಿಂದೆ, ಸ್ವಲ್ಪ ಮೇಲೆ ಇರುವ ಎಂ.ಟಿ. ಎಂಬ ಸಣ್ಣ ಭಾಗಕ್ಕೆ ಹೋಗುತ್ತದೆ. 1971ರ ಸುಮಾರಿಗೆ ಕೋತಿಗಳ ಮಿದುಳಿನಲ್ಲಿ ಇದನ್ನು ಗುರುತಿಸಲಾಯಿತು. ಇಲ್ಲಿನ ನರಕೋಶಗಳಿಗೆ ಬಣ್ಣದ ಗೊಡವೆ ಅಷ್ಟಾಗಿ ಇಲ್ಲ, ಆಕಾರದ ಗೊಡವೆಯೂ ಇಲ್ಲ. ಯಾವ ದಿಕ್ಕು, ಎಷ್ಟು ವೇಗ ಎನ್ನುವುದಷ್ಟೇ ಬೇಕು. ಒಂದು ಕೋಶ ಎಡಕ್ಕೆ ಹೋಗುವುದಕ್ಕೆ ಮಿಡಿದರೆ ಪಕ್ಕದ್ದು ಮೇಲಕ್ಕೆ ಹೋಗುವುದಕ್ಕೆ ಮಿಡಿಯುತ್ತದೆ. ವಿಲಿಯಂ ನ್ಯೂಸಮ್, ರಾಬರ್ಟ್ ವುರ್ಟ್ಜ್ ಮತ್ತು ಸಂಗಡಿಗರು 1985ರಲ್ಲಿ ಕೋತಿಗಳ ಎಂ.ಟಿ.ಯ ಒಂದು ಚೂರನ್ನು ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿ ನೋಡಿದರು. ನಿಂತ ಚುಕ್ಕೆಯ ಕಡೆಗೆ ಕೋತಿಯ ಕಣ್ಣು ಗುರಿತಪ್ಪದೆ ನೆಗೆಯುತ್ತಿತ್ತು. ಚುಕ್ಕೆ ಚಲಿಸತೊಡಗಿದರೆ ಮಾತ್ರ ವೇಗದ ಅಂದಾಜು ತಪ್ಪುತ್ತಿತ್ತು. ಅದೂ ಆ ಚೂರು ನೋಡಿಕೊಳ್ಳುತ್ತಿದ್ದ ಭಾಗದಲ್ಲಿ ಚುಕ್ಕೆ ಇದ್ದಾಗ ಮಾತ್ರ.

ಎಂ.ಟಿ.ಯಿಂದ ಮುಂದಿನ ದಾರಿ ಉದ್ದ. ನೆರೆಯ ಎಂ.ಎಸ್.ಟಿ. ಎಂಬ ಭಾಗ, ಹಣೆಯ ಕಡೆಯ ಒಂದು ಕೇಂದ್ರ, ಅಲ್ಲಿಂದ ಮಿದುಳಿನ ಕಾಂಡದ ಪಾನ್ಸ್, ಅಲ್ಲಿಂದ ಕಿರುಮಿದುಳು, ಕಿರುಮಿದುಳಿನಿಂದ ಮತ್ತೆ ಕಾಂಡಕ್ಕೆ, ಕೊನೆಗೆ ಮೂರು ಜೊತೆ ನರಗಳ ಮೂಲಕ ಪ್ರತಿ ಕಣ್ಣಿನ ಆರು ಸ್ನಾಯುಗಳಿಗೆ. ಇದೆಲ್ಲ ಸುತ್ತಿ ಬರಲು ಸಮಯ ಹಿಡಿಯುತ್ತದೆ. ಗರುಡ ಚಲಿಸತೊಡಗಿ ಕಣ್ಣು ಹೊರಡುವುದರೊಳಗೆ ಸೆಕೆಂಡಿನ ಹತ್ತನೇ ಒಂದು ಭಾಗವಾದರೂ ಕಳೆದಿರುತ್ತದೆ. ಅಷ್ಟರಲ್ಲಿ ನಮ್ಮ ಗರುಡ ಒಂದು ಮೀಟರು ಮುಂದೆ ಹೋಗಿದೆ. ಈಗ ನೀವು ನೋಡುತ್ತಿರುವ ಗರುಡ ಹಳೆಯ ಗರುಡ.

ತಡವಾಗಿ ಬಂದ ಸುದ್ದಿ ನೋಡಿಕೊಂಡು ತಿದ್ದುತ್ತಾ ಹೋದರೆ ಏನಾಗುತ್ತದೆ ಎಂದು ಕೆ.ಆರ್. ನಗರ ತಾಲೂಕಿನ ಚಾಮರಾಜ ನಾಲೆಯ ಕೊನೆಯ ಗದ್ದೆಯವರಿಗೆ ಬೇರೆ ಹೇಳಬೇಕಿಲ್ಲ. ಕೆಳಗೆ ನೀರು ಸಾಲದು ಎಂದು ಸುದ್ದಿ ಬಂದರೆ ನೀರುಗಂಟಿ ಮೇಲೆ ತೂಬು ಎತ್ತುತ್ತಾನೆ. ಆ ನೀರು ಇಳಿದು ಬರುವಷ್ಟರಲ್ಲಿ ಇನ್ನೂ ಬಂದಿಲ್ಲವೆಂದು ಮತ್ತೊಂದು ದೂರು. ಅವನು ಮತ್ತಷ್ಟು ಎತ್ತಿದರೆ ಎರಡೂ ಸೇರಿ ಬಂದು ಬದು ಕೊಚ್ಚುತ್ತದೆ. ಗಾಬರಿಯಿಂದ ಇಳಿಸಿದರೆ ಗದ್ದೆ ಒಣಗುತ್ತದೆ. ಪಳಗಿದ ನೀರುಗಂಟಿ ಹಾಗೆ ಮಾಡುವುದಿಲ್ಲ. ತಾನು ಆಗಲೇ ಎಷ್ಟು ಬಿಟ್ಟಿದ್ದೇನೆ, ಅದು ಎಲ್ಲಿಗೆ ಬಂದಿರಬೇಕು ಎನ್ನುವ ಲೆಕ್ಕ ಅವನ ತಲೆಯಲ್ಲಿ ಇರುತ್ತದೆ.

ಮಿದುಳು ಮಾಡುವುದೂ ಅದನ್ನೇ. ಕಣ್ಣಿನ ಸ್ನಾಯುಗಳಿಗೆ ಆಜ್ಞೆ ಕಳಿಸುವಾಗಲೇ ಅದರ ಒಂದು ನಕಲನ್ನು ತನ್ನಲ್ಲಿ ಇಟ್ಟುಕೊಳ್ಳುತ್ತದೆ. ಇದು ಯಾಕೆ ಬೇಕೇ ಬೇಕು ಎಂಬುದನ್ನು ಎಂಜಿನಿಯರಿಂಗ್ ಓದಿ ಬಂದು ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಕಣ್ಣಿನ ಚಲನೆಯ ಅಧ್ಯಯನಕ್ಕೆ ಇಳಿದ ಡೇವಿಡ್ ರಾಬಿನ್ಸನ್ ತೋರಿಸಿಕೊಟ್ಟರು. ಅನುಸರಣೆಯನ್ನು ಹೊರಡಿಸುವುದು ಅಕ್ಷಿಪಟಲದ ಮೇಲೆ ಬಿಂಬ ಜಾರುವ ವೇಗ. ಕಣ್ಣು ಗರುಡನ ವೇಗವನ್ನು ಸರಿಯಾಗಿ ಹಿಡಿದುಬಿಟ್ಟರೆ ಬಿಂಬ ಜಾರುವುದೇ ಇಲ್ಲ. ಜಾರದಿದ್ದರೆ ಕಣ್ಣು ತಿರುಗಿಸಲು ಕಾರಣವೇ ಉಳಿಯಲಿಲ್ಲವಲ್ಲ? ಕೆಲಸ ಪೂರ್ತಿ ಗೆದ್ದ ಕ್ಷಣದಲ್ಲೇ ಕಣ್ಣು ನಿಂತುಹೋಗಬೇಕಿತ್ತು. ನಿಲ್ಲುವುದಿಲ್ಲ, ಯಾಕೆಂದರೆ ಬಿಂಬ ಜಾರಿದ ಅಳತೆಗೆ ಮಿದುಳು ಕಣ್ಣಿನದೇ ವೇಗವನ್ನು ಆ ನಕಲಿನಿಂದ ಓದಿ ಕೂಡಿಸುತ್ತದೆ. 'ಬಿಂಬ ನಿಂತಿದೆ, ನಾನು 11 ಡಿಗ್ರಿ ವೇಗದಲ್ಲಿದ್ದೇನೆ. ಹಾಗಾದರೆ ಗರುಡನೂ 11ರಲ್ಲೇ ಇದ್ದಾನೆ' ಎಂಬ ತೀರ್ಮಾನ. ಕಣ್ಣನ್ನು ಓಡಿಸುತ್ತಿರುವುದು ಎದುರಿನ ಗರುಡನಿಗಿಂತ ಹೆಚ್ಚಾಗಿ ಮಿದುಳು ಕಟ್ಟಿಕೊಂಡ ಗರುಡ.

ಇದಕ್ಕೆ ಸಾಕ್ಷಿ ಬೇಕಾದರೆ ಹುಣಸೂರು, ಪಿರಿಯಾಪಟ್ಟಣದ ಯಾವ ಊರಿಗಾದರೂ ಹೋಗಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್‌ಗಳು ದಾರಿಯುದ್ದಕ್ಕೂ ಎತ್ತರಕ್ಕೆ ನಿಂತಿರುತ್ತವೆ. ದೂರದಲ್ಲಿ ಒಂದು ಬೈಕು ಬ್ಯಾರನ್ ಹಿಂದೆ ಮರೆಯಾಗಿ ಇನ್ನೊಂದು ಕಡೆ ಹೊರಬರುವುದನ್ನು ನೋಡುತ್ತಿರಿ. ಮರೆಯಾದ ಕೂಡಲೇ ಕಣ್ಣು ಗಕ್ಕನೆ ನಿಲ್ಲುವುದಿಲ್ಲ. ವೇಗ ಸ್ವಲ್ಪ ಇಳಿಸಿಕೊಂಡು, ಕಾಣದ ಬೈಕಿನ ಜೊತೆಗೇ ಗೋಡೆಯ ಮೇಲೆ ಸಾಗುತ್ತದೆ, ಹೊರಬರುವ ಹೊತ್ತಿಗೆ ಮತ್ತೆ ಚುರುಕಾಗುತ್ತದೆ. ಕೋತಿಗಳಲ್ಲಿ ಚುಕ್ಕೆಯನ್ನು ಒಂದು ಕ್ಷಣ ಆರಿಸಿದಾಗಲೂ ಎಂ.ಎಸ್.ಟಿ.ಯ ಕೆಲವು ಕೋಶಗಳು ಮಿಡಿಯುತ್ತಲೇ ಇದ್ದುದನ್ನು 1988ರಲ್ಲಿ ದಾಖಲಿಸಿದ್ದಾರೆ. ಇನ್ನು ತೊಟ್ಟಿಲು, ಉಯ್ಯಾಲೆಗಳಂತೆ ಒಂದೇ ತಾಳದಲ್ಲಿ ಹೋಗಿ ಬರುವುದನ್ನು ನೋಡುವಾಗ ಮಿದುಳು ಒಂದೆರಡು ಸುತ್ತಿನಲ್ಲೇ ತಾಳ ಹಿಡಿದು ತಡವನ್ನು ಹೆಚ್ಚುಕಡಿಮೆ ಸೊನ್ನೆಗೆ ಇಳಿಸುತ್ತದೆ.

ಕ್ರಿಕೆಟಿನ ವೇಗದ ಬೌಲಿಂಗ್ ಎದುರಿಗೆ ಇದ್ಯಾವುದೂ ಸಾಲದು. ಕೋಚುಗಳು "ಚೆಂಡಿನ ಮೇಲೆ ಕಣ್ಣಿಡು" ಎನ್ನುತ್ತಲೇ ಇರುತ್ತಾರೆ. ಮೈಕೆಲ್ ಲ್ಯಾಂಡ್, ಪೀಟರ್ ಮೆಕ್‌ಲಿಯಡ್ 2000ದಲ್ಲಿ ಬ್ಯಾಟ್ಸ್‌ಮನ್‌ಗಳ ತಲೆಗೆ ಕ್ಯಾಮೆರಾ ಕಟ್ಟಿ ನೋಡಿದಾಗ, ಅವರು ಚೆಂಡನ್ನು ಮೊದಲ ಗಳಿಗೆಯಷ್ಟೇ ನೋಡಿ, ಅದು ಪುಟಿಯಬಹುದಾದ ಜಾಗಕ್ಕೆ ಮೊದಲೇ ಕಣ್ಣು ನೆಗೆಸಿ ಕಾಯುತ್ತಿದ್ದರು. ಆಟ ಚೆನ್ನಾಗಿ ಬಲ್ಲವರ ಕಣ್ಣು ಬೇಗ ನೆಗೆಯುತ್ತಿತ್ತು. ಚಿನ್ನಿದಾಂಡಿನಲ್ಲಿ ಚಿನ್ನಿ ಹಿಡಿಯಲು ಓಡುವ ಹುಡುಗನೂ ಇದನ್ನೇ ಮಾಡುತ್ತಿರಬಹುದು ಎಂದು ನನ್ನ ಗುಮಾನಿ.

ಈಗ ರೈಲಿಗೆ ಬರೋಣ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರ, ಈ ನಾಲ್ಕು ತಾಲೂಕು ಕೇಂದ್ರಗಳಲ್ಲಿ ರೈಲು ನಿಲ್ಲುವುದು ಕೆ.ಆರ್. ನಗರದಲ್ಲಿ ಮಾತ್ರ, ಮೈಸೂರು–ಹಾಸನ ಮಾರ್ಗದಲ್ಲಿ. ಕಿಟಕಿ ಪಕ್ಕದಲ್ಲಿ ಹೊರಗೆ ನೋಡುತ್ತಾ ಕೂತವರ ಕಣ್ಣುಗಳನ್ನು ಎದುರು ಸೀಟಿನಿಂದ ಗಮನಿಸಿ. ಅವರಿಗೆ ಗೊತ್ತಾಗದ ಹಾಗೆ ನೋಡುವುದು ಒಳ್ಳೆಯದು. ಕಣ್ಣುಗುಡ್ಡೆ ನಿಧಾನ ಹಿಂದಕ್ಕೆ ಜಾರುತ್ತದೆ, ಚಕ್ಕನೆ ಮುಂದಕ್ಕೆ ನೆಗೆಯುತ್ತದೆ, ಮತ್ತೆ ಜಾರುತ್ತದೆ. ಹೊರಗೆ ಒಂದು ತೆಂಗಿನ ಮರವನ್ನು ಹಿಡಿಯುವುದು, ಅದು ಕೈತಪ್ಪಿದಾಗ ಇನ್ನೊಂದನ್ನು ಹಿಡಿಯುವುದು. ಕೂತವರಿಗೆ ಇದರ ಸುಳಿವೇ ಇಲ್ಲ. ರೈಲು ಬಂದ ಕಾಲದಿಂದಲೂ ವೈದ್ಯರು ಗಮನಿಸಿರುವ ಸಂಗತಿ ಇದು. ಜರ್ಮನಿಯಲ್ಲಿ ಇದಕ್ಕೆ ರೈಲ್ವೆಯ ಹೆಸರನ್ನೇ ಇಟ್ಟಿದ್ದರು. ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುವಾಗ ಐದು ಮೀಟರು ದೂರದ ಕಂಬ ಸೆಕೆಂಡಿಗೆ 190 ಡಿಗ್ರಿ ವೇಗದಲ್ಲಿ ದಾಟುತ್ತದೆ, ಅದನ್ನು ಯಾರ ಕಣ್ಣೂ ಹಿಡಿಯಲಾರದು. ನೂರು ಮೀಟರು ಆಚೆಯ ಭತ್ತದ ಗದ್ದೆಯಲ್ಲಿ ನಿಂತ ಕೊಕ್ಕರೆಗೆ 10 ಡಿಗ್ರಿಯೂ ಬೇಡ.

ಇಲ್ಲೊಂದು ತೊಡಕಿದೆ. ಕಣ್ಣು ಗರುಡನ ಹಿಂದೆ ಹೋದಾಗ ಗರುಡನ ಬಿಂಬ ನಿಲ್ಲುತ್ತದೆ ನಿಜ. ಆದರೆ ಗೋಪುರ, ತೆಂಗಿನ ಮರ, ಮೋಡ ಎಲ್ಲದರ ಬಿಂಬವೂ ಅಕ್ಷಿಪಟಲದ ಮೇಲೆ ಎದುರು ದಿಕ್ಕಿಗೆ ಓಡುತ್ತದೆ. ಆದರೂ ನಮಗೆ ಗೋಪುರ ನಿಂತೇ ಕಾಣುತ್ತದೆ, ಗರುಡ ಹಾರಿದಂತೆಯೇ ಕಾಣುತ್ತದೆ. ಮಿದುಳು ಅದೇ ಆಜ್ಞೆಯ ನಕಲನ್ನು ತೆಗೆದು ಕಣ್ಣಿನ ಚಲನೆಯ ಪಾಲನ್ನು ಕಳೆಯುತ್ತದೆ. ಈ ವ್ಯವಕಲನ ಪೂರ್ತಿ ಚೊಕ್ಕವಲ್ಲ. ಹಕ್ಕಿಯನ್ನೇ ನೋಡುತ್ತಾ ಹಿನ್ನೆಲೆಗೆ ಗಮನ ಕೊಟ್ಟರೆ ಮೋಡ ಒಂಚೂರು ಹಿಂದಕ್ಕೆ ಸರಿದಂತೆ ಅನಿಸಬಹುದು. 1922ರಲ್ಲಿ ಫಿಲೇನೆ ಎಂಬವರು ಇದನ್ನು ವಿವರಿಸಿದರು. ವ್ಯವಕಲನವೇ ನಿಂತುಹೋದರೆ? ಜರ್ಮನಿಯ ಟ್ಯೂಬಿಂಗನ್‌ನ ಥಾಮಸ್ ಹಾರ್‌ಮೈಯರ್, ಪೀಟರ್ ಥಿಯರ್ ಮತ್ತು ಸಂಗಡಿಗರು 1997ರಲ್ಲಿ ಅಂಥ ಒಬ್ಬ ರೋಗಿಯ ಬಗ್ಗೆ ಬರೆದರು. ಮಿದುಳಿನ ಹಿಂಭಾಗದ ಎರಡೂ ಕಡೆ ಪೆಟ್ಟಾಗಿದ್ದ ಆತನಿಗೆ, ಏನನ್ನಾದರೂ ಕಣ್ಣಿನಲ್ಲಿ ಹಿಂಬಾಲಿಸಿದರೆ ಸುತ್ತಲಿನ ಲೋಕವೇ ಎದುರು ದಿಕ್ಕಿಗೆ ಓಡಿದಂತಾಗಿ ತಲೆ ತಿರುಗುತ್ತಿತ್ತು. ಅವನ ಕಣ್ಣಿನ ಅನುಸರಣೆ ಮಾತ್ರ ನೆಟ್ಟಗೇ ಇತ್ತು.

ಎಚ್.ಡಿ. ಕೋಟೆ ಕಡೆಯ ಕಾಡಿನಲ್ಲಿ, ಕಬಿನಿ ಹಿನ್ನೀರಿನ ಬದಿಯ ಸಫಾರಿ ಜೀಪಿನಲ್ಲಿ ಹೋದವರಿಗೆ ಇನ್ನೊಂದು ವ್ಯವಸ್ಥೆಯ ಅನುಭವ ಆಗಿರುತ್ತದೆ. ಹಳ್ಳದಿಣ್ಣೆಯ ದಾರಿಯಲ್ಲಿ ತಲೆ ಕುಲುಕಾಡುತ್ತಿದ್ದರೂ ಮರದಡಿಯ ಜಿಂಕೆಯ ಚುಕ್ಕೆಗಳು ಕಾಣುತ್ತವೆ. ತಲೆ ಬಲಕ್ಕೆ ತಿರುಗಿದ ಕೂಡಲೇ ಒಳಕಿವಿಯಿಂದ ಸುದ್ದಿ ಹೋಗಿ ಕಣ್ಣು ಅಷ್ಟೇ ಎಡಕ್ಕೆ ತಿರುಗುತ್ತದೆ, ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಮಯದಲ್ಲಿ. ಅನುಸರಣೆಗೆ ಅದರ ಹತ್ತು ಪಟ್ಟು ಹೊತ್ತು ಬೇಕು. ಈ ಪುಟವನ್ನೇ ಹಿಡಿದು ಪರೀಕ್ಷಿಸಿ: ಪುಸ್ತಕವನ್ನು ಸೆಕೆಂಡಿಗೆ ಎರಡು ಮೂರು ಸಲ ಅತ್ತಿತ್ತ ಅಲುಗಾಡಿಸಿದರೆ ಅಕ್ಷರ ಕಲಸುತ್ತವೆ. ಪುಸ್ತಕ ಬಿಗಿಯಾಗಿ ಹಿಡಿದು ತಲೆಯನ್ನು ಅದೇ ವೇಗದಲ್ಲಿ ಆಡಿಸಿ, ಓದಬಹುದು. ಆದರೆ ಸೀಳುನಾಯಿಗಳ ಹಿಂಡು ದಾರಿಗೆ ಅಡ್ಡ ಓಡಿತು, ತಲೆಯನ್ನೂ ಸೇರಿಸಿ ಅವುಗಳ ಜೊತೆ ತಿರುಗಿಸಿದಿರಿ ಎನ್ನಿ. ಒಳಕಿವಿ ಆಗಲೂ ಕಣ್ಣನ್ನು ಹಿಂದಕ್ಕೆ ಎಳೆಯಲು ನೋಡುತ್ತದೆ. ಅದನ್ನು ತಡೆಹಿಡಿಯುವ ಕೆಲಸದಲ್ಲಿ ಅನುಸರಣೆಯ ಜಾಲವೇ, ಮುಖ್ಯವಾಗಿ ಕಿರುಮಿದುಳು, ಕೈಜೋಡಿಸುತ್ತದೆ.

ಇಷ್ಟು ಜಾಗಗಳ ಒಪ್ಪಂದದಿಂದ ನಡೆಯುವ ಕೆಲಸ ಬೇಗ ಕೆಡುವುದೂ ಸಹಜ. ವೈದ್ಯರಿಗೆ ಅದೇ ಉಪಕಾರ. ಯಾವ ತಾಲೂಕು ಆಸ್ಪತ್ರೆಯಲ್ಲಾದರೂ ವೈದ್ಯರು "ತಲೆ ಆಡಿಸಬೇಡಿ, ಬೆರಳನ್ನೇ ನೋಡಿ" ಎಂದು ಬೆರಳನ್ನು ನಿಧಾನ ಅತ್ತಿತ್ತ, ಮೇಲೆ ಕೆಳಗೆ ಸರಿಸುವುದುಂಟು. ಕಣ್ಣು ಸರಾಗ ಬಂದರೆ ಸರಿ. ತುಂಡುತುಂಡಾಗಿ ಬಂದರೆ ಅನುಸರಣೆ ಸೋತು ನೆಗೆತಗಳು ಅದರ ಕೆಲಸ ಮಾಡುತ್ತಿವೆ ಎಂದರ್ಥ. ಕಿರುಮಿದುಳಿನ ತೊಂದರೆಯಲ್ಲಿ ಇದು ಸಾಮಾನ್ಯ. ವಯಸ್ಸಾದವರಲ್ಲಿ, ದಣಿದವರಲ್ಲಿ ಒಂದಿಷ್ಟು ತುಂಡಾಗುವುದು ರೋಗವಲ್ಲ. ಫೆನಿಟಾಯಿನ್‌ನಂಥ ಮೂರ್ಛೆ ರೋಗದ ಮಾತ್ರೆಯ ಪ್ರಮಾಣ ಹೆಚ್ಚಾದಾಗಲೂ ಕಣ್ಣಿನ ಚಲನೆ ಕೆಡುತ್ತದೆ. ಹಾಗೆಂದು ಮಾತ್ರೆಯನ್ನು ತಾವಾಗಿಯೇ ಬಿಡಬಾರದು, ಕೊಟ್ಟ ವೈದ್ಯರಿಗೆ ತೋರಿಸಬೇಕು. ಮದ್ಯ ಕುಡಿದರೆ ಅನುಸರಣೆ ಕೆಡುವುದು ಎಷ್ಟು ಖಚಿತ ಎಂದರೆ, ಅಮೆರಿಕದ ಪೊಲೀಸರು ರಸ್ತೆ ಬದಿಯಲ್ಲಿ ಚಾಲಕನ ಮುಖದ ಮುಂದೆ ಪೆನ್ನು ಸರಿಸಿ ಕಣ್ಣು ನಯವಾಗಿ ಬರುತ್ತದೆಯೇ ಎಂದು ನೋಡುತ್ತಾರೆ. ಕುಡಿದವನಿಗೆ ಎದುರು ಬರುವ ಲಾರಿ ಕಾಣುತ್ತದೆ, ಕಣ್ಣು ಅದರ ಮೇಲೆ ನಿಲ್ಲುವುದಿಲ್ಲ.

ತಲೆಸುತ್ತು ಎಂದು ಅಲೆದಾಡುವವರಿಗೆ ಇನ್ನೂ ಕರಾರುವಾಕ್ಕಾದ ಪರೀಕ್ಷೆ ಮೈಸೂರಿನಲ್ಲೇ ಇದೆ. ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಿವಿ ಕೇಳಿಸದವರು, ಮಾತು ತೊದಲುವವರು ಮಾತ್ರ ಹೋಗುತ್ತಾರೆ ಎಂದು ನಮ್ಮ ಕಡೆ ತಿಳಿದಿರುವವರೇ ಹೆಚ್ಚು. ದೇಹದ ಸಮತೋಲ ಒಳಕಿವಿಗೆ ಸೇರಿದ್ದಾದ್ದರಿಂದ ಅದರ ಪರೀಕ್ಷೆಯೂ ಅಲ್ಲಿ ನಡೆಯುತ್ತದೆ. ವಿಡಿಯೊ ನಿಸ್ಟಾಗ್ಮೊಗ್ರಫಿ ಎಂಬ ಈ ಪರೀಕ್ಷೆಯಲ್ಲಿ ಕಣ್ಣಿಗೆ ದೊಡ್ಡ ಕನ್ನಡಕ ಬಿಗಿಯುತ್ತಾರೆ. ಒಳಗಿನ ಅತಿಗೆಂಪು ಕ್ಯಾಮೆರಾ ಕಣ್ಣಾಲಿಯ ಪ್ರತಿ ಅಲುಗಾಟವನ್ನೂ ಹಿಡಿಯುತ್ತದೆ. ಎದುರಿಗೆ ಒಂದು ಚುಕ್ಕೆ ಎಡಕ್ಕೂ ಬಲಕ್ಕೂ ತೂಗುತ್ತಿರುತ್ತದೆ. ಅತ್ತ ಕಂಪ್ಯೂಟರಿನಲ್ಲಿ ಎರಡು ಗೆರೆಗಳು ಓಡುತ್ತವೆ, ಒಂದು ಚುಕ್ಕೆಯದು, ಇನ್ನೊಂದು ಕಣ್ಣಿನದು. ಆರೋಗ್ಯವಂತರಲ್ಲಿ ಎರಡೂ ಒಂದರ ಮೇಲೊಂದು ಕೂರುತ್ತವೆ. ಅನುಸರಣೆ ಕೆಟ್ಟಿದ್ದರೆ ಕಣ್ಣಿನ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಮೂಡುತ್ತದೆ. ತಲೆಸುತ್ತಿಗೆ ಕಾರಣ ಬರೀ ಒಳಕಿವಿಯೋ ಅಥವಾ ಮಿದುಳನ್ನೂ ನೋಡಬೇಕೋ ಎನ್ನುವುದಕ್ಕೆ ಈ ಮೆಟ್ಟಿಲುಗಳು ಒಂದು ಸುಳಿವು. ಒಳಕಿವಿಯೊಂದೇ ಕೆಟ್ಟವರಲ್ಲಿ ಅನುಸರಣೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ನೆಗೆತವೂ ಅನುಸರಣೆಯೂ ಬೇರೆ ಎನ್ನುವುದಕ್ಕೆ ಭಾರತದ್ದೇ ಒಂದು ದೊಡ್ಡ ಸಾಕ್ಷಿ ಇದೆ. ಮುಂಬೈನ ನರತಜ್ಞ ನೋಶಿರ್ ವಾಡಿಯಾ ಮತ್ತು ಸ್ವಾಮಿ 1971ರಲ್ಲಿ ಒಂಬತ್ತು ಕುಟುಂಬಗಳಲ್ಲಿ ವಂಶಪಾರಂಪರ್ಯವಾಗಿ ಬರುತ್ತಿದ್ದ ಒಂದು ಕಾಯಿಲೆಯನ್ನು ವರ್ಣಿಸಿದರು. ನಡಿಗೆ ತೂರಾಡುತ್ತಿತ್ತು, ಅದಕ್ಕಿಂತ ವಿಚಿತ್ರವೆಂದರೆ ರೋಗಿಗಳ ಕಣ್ಣು ನೆಗೆಯುವುದನ್ನೇ ಮರೆತು ನಿಧಾನ ತೆವಳುತ್ತಿತ್ತು. ಇಂಥವರಲ್ಲಿ ನೆಗೆತ ಸೊರಗಿದ ಮೇಲೂ ಅನುಸರಣೆ ಬಹಳ ಕಾಲ ಉಳಿಯುತ್ತದೆ, ರಾಶ್‌ಬಾಸ್ ಔಷಧ ಕೊಟ್ಟು ಕಂಡದ್ದಕ್ಕೆ ತದ್ವಿರುದ್ಧ. ಈ ಕಾಯಿಲೆಯನ್ನು ಈಗ ಎಸ್.ಸಿ.ಎ. 2 ಎಂದು ಗುರುತಿಸುತ್ತಾರೆ.

ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆ ಇರುವ ಅನೇಕರಲ್ಲೂ ಅನುಸರಣೆ ತುಂಡಾಗುತ್ತದೆ ಎಂದು ಡೀಫೆನ್‌ಡಾರ್ಫ್ ಮತ್ತು ಡಾಜ್ 1908ರಲ್ಲೇ ಬರೆದಿದ್ದರು. ಮರೆತುಹೋಗಿದ್ದ ಇದನ್ನು 1973ರಲ್ಲಿ ಫಿಲಿಪ್ ಹಾಲ್ಜ್‌ಮನ್ ಮತ್ತೆ ಎತ್ತಿಕೊಂಡರು; ಆಮೇಲೆ ಕಾಯಿಲೆ ಇಲ್ಲದ ಹತ್ತಿರದ ಬಂಧುಗಳಲ್ಲೂ ಕೆಲವರಿಗೆ ಹೀಗಿದೆ ಎಂದು ತೋರಿಸಿದರು. ಬೆರಳು ಸರಿಸಿ ನೋಡಿ ಯಾರಿಗೂ ಈ ಕಾಯಿಲೆಯ ಹೆಸರು ಹಚ್ಚಲಾಗದು. ಅಂಥ ಕೆಲಸ ಮಾಡುವವರು ಎದುರಾದರೆ ನಂಬಬೇಡಿ.

ಹುಟ್ಟುವಾಗ ಅನುಸರಣೆಯ ಈ ವಿದ್ಯೆ ಪೂರ್ತಿ ಬಂದಿರುವುದಿಲ್ಲ. ಮೊದಲ ವಾರಗಳಲ್ಲಿ ಮಗು ದೊಡ್ಡ, ನಿಧಾನದ ವಸ್ತುಗಳನ್ನೂ ಬಹುಮಟ್ಟಿಗೆ ನೆಗೆನೆಗೆದೇ ಹಿಂಬಾಲಿಸುತ್ತದೆ. ಆರರಿಂದ ಎಂಟು ವಾರಕ್ಕೆ ನಯವಾದ ಚಲನೆ ಇಣುಕುತ್ತದೆ, ನಾಲ್ಕೈದು ತಿಂಗಳ ಹೊತ್ತಿಗೆ ಚೆನ್ನಾಗಿ ಕೂಡಿಬರುತ್ತದೆ. ಬಾಣಂತಿ ಕೋಣೆಯಲ್ಲಿ ಅಜ್ಜಿಯರು ಗಿಲಕಿಯನ್ನು ಮಗುವಿನ ಮುಖದ ಮುಂದೆ ಅತ್ತಿತ್ತ ಆಡಿಸಿ "ನೋಡ್ತದೆ ಕಣವ್ವ" ಎಂದು ಸೊಸೆಗೆ ಹೇಳುವುದಿದೆಯಲ್ಲ, ಅದು ಮಕ್ಕಳ ತಜ್ಞರು ಮಾಡುವ ಪರೀಕ್ಷೆಯೇ. ಒಂದು ತಿದ್ದುಪಡಿ ಮಾತ್ರ ಬೇಕು: ಗಿಲಕಿ ಸದ್ದು ಮಾಡಬಾರದು. ಸದ್ದಿದ್ದರೆ ಮಗು ಕಿವಿಯಿಂದ ತಿರುಗಿತೋ ಕಣ್ಣಿನಿಂದ ತಿರುಗಿತೋ ಗೊತ್ತಾಗುವುದಿಲ್ಲ. ಕೆಂಪು ಬಟ್ಟೆಯ ಚೆಂಡೊಂದನ್ನು ಒಂದು ಅಡಿ ದೂರದಲ್ಲಿ ಹಿಡಿದು ನಿಧಾನ ಸರಿಸಿ. ಮೂರು ತಿಂಗಳು ತುಂಬಿದ ಮೇಲೂ ಮಗು ಅದನ್ನು ಹಿಂಬಾಲಿಸದಿದ್ದರೆ, ಕಣ್ಣು ಸದಾ ಅಲುಗುತ್ತಿದ್ದರೆ, ಕಣ್ಣಾಲಿಯ ನಡುವೆ ಬಿಳಿ ಕಂಡರೆ ದೃಷ್ಟಿ ತೆಗೆದು ಕಾಯುತ್ತಾ ಕೂರಬೇಡಿ. ಬಿಳಿ ಕಂಡರಂತೂ ಮೂರು ತಿಂಗಳವರೆಗೂ ಕಾಯಬಾರದು. ಆ ಬಿಳಿ ಹುಟ್ಟಿನಿಂದ ಬಂದ ಪೊರೆ ಆಗಿರಬಹುದು; ಅದನ್ನು ಮೊದಲ ಕೆಲವು ವಾರಗಳಲ್ಲೇ ತೆಗೆದರೆ ನೋಟ ಉಳಿಯುವ ಸಾಧ್ಯತೆ ಹೆಚ್ಚು. ಊರಿನ ಆಶಾ ಕಾರ್ಯಕರ್ತೆಗೆ ಹೇಳಿ, ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ತೋರಿಸಿ, ಇಲ್ಲವೇ ಅವತ್ತೇ ಬಸ್ಸು ಹತ್ತಿ ಕಣ್ಣಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.